ಹಕ್ಕು ನಮ್ಮದೇ ಆಗಿದ್ದೂ ಅನರ್ಹರಾದದ್ದೇಕೆ? ಹಾಯಿದೋಣಿ ಪಂದ್ಯದಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು

ಪ್ರಶ್ನೆ: ಇಬ್ಬರು ಕೂರುವ 4.2 ಮೀಟರ್ ಉದ್ದದ ಡಿಂಗಿಯಲ್ಲಿ ಎರಡು ವರ್ಷದಿಂದ ಪಂದ್ಯಗಳಿಗೆ ಇಳಿಯುತ್ತಿದ್ದೇನೆ. ದೋಣಿ ಓಡಿಸುವುದು ಕೈಗೆ ಹತ್ತಿದೆ, ನಿಯಮಗಳು ಮಾತ್ರ ತಲೆಗೆ ಹತ್ತುತ್ತಿಲ್ಲ. ಈಚಿನ ಒಂದು ಪಂದ್ಯದಲ್ಲಿ ಮೂರು ಪೆಟ್ಟು ತಿಂದೆ. ಸ್ಟಾರ್ಟ್‌ನಲ್ಲಿ, ಗೆರೆಯ ತುದಿಗೆ ಲಂಗರು ಹಾಕಿ ನಿಂತ ಕಮಿಟಿ ಬೋಟಿನ ಪಕ್ಕ ನುಗ್ಗುವಾಗ "ರೂಮ್, ರೂಮ್" ಎಂದು ಕೂಗಿದರೂ ಕೆಳಗಿನ ದೋಣಿಯವರು ಜಾಗ ಬಿಡಲಿಲ್ಲ; ನಮ್ಮ ಸೆಂಟರ್‌ಬೋರ್ಡ್ (ದೋಣಿಯ ತಳದಿಂದ ನೀರಿಗಿಳಿಯುವ ಹಲಗೆ) ಲಂಗರಿನ ಹಗ್ಗಕ್ಕೆ ಸಿಕ್ಕಿತು. ಆಮೇಲೆ ನಾವು ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ಹೋಗುತ್ತಿರುವಾಗ ಪೋರ್ಟ್ ಟ್ಯಾಕ್‌ನ ದೋಣಿಯೊಂದು ಮುಂದಿನಿಂದ ದಾಟಲು ಬಂತು. ಮೂರು ಸಲ "ಸ್ಟಾರ್‌ಬೋರ್ಡ್" ಎಂದು ಕೂಗಿ ನೇರ ಹೋದೆವು; ನಮ್ಮ ಮೂತಿ ಅವರ ಹಿಂಬದಿಗೆ ಬಡಿದು ಅಂಗೈಯಗಲ ಫೈಬರ್ ಒಡೆಯಿತು. ವಿಚಾರಣೆಯಲ್ಲಿ ಇಬ್ಬರನ್ನೂ ಅನರ್ಹಗೊಳಿಸಿದರು. ಕೊನೆಯದು ಮೇಲಿನ ಮಾರ್ಕ್‌ನಲ್ಲಿ, ಅಂದರೆ ಗಾಳಿ ಬರುವ ಕಡೆಗಿದ್ದು ಸುತ್ತಿ ಬರಬೇಕಾದ ಗುರುತಿನಲ್ಲಿ. ಪೋರ್ಟ್‌ನಲ್ಲಿ ಬಂದು, ಮಾರ್ಕ್‌ನಿಂದ ಎರಡು ದೋಣಿಯುದ್ದ ದೂರದಲ್ಲಿ, ಸ್ಟಾರ್‌ಬೋರ್ಡ್‌ನಲ್ಲಿ ಬರುತ್ತಿದ್ದ ದೋಣಿಯ ಒಳಮಗ್ಗುಲಿಗೆ ಟ್ಯಾಕ್ ಮಾಡಿದೆವು (ಮೂತಿಯನ್ನು ಗಾಳಿಯ ನೇರ ದಾಟಿಸಿ ಮಗ್ಗುಲು ಬದಲಿಸಿದೆವು). ಒಳಗಿದ್ದವರು ನಾವೇ, ಆದರೂ ತಪ್ಪು ನಮ್ಮದೇ ಎಂದರು. "ಸ್ಟಾರ್‌ಬೋರ್ಡ್‌ಗೆ ಯಾವಾಗಲೂ ಹಕ್ಕು", "ಒಳಗಿನ ದೋಣಿಗೆ ಯಾವಾಗಲೂ ಜಾಗ", "ಮೊದಲು ಕೂಗಿದವನದೇ ದಾರಿ" ಎಂದು ಕಲಿತದ್ದೆಲ್ಲ ಸುಳ್ಳೇ? ಮಾರ್ಕ್ ಹತ್ತಿರ ಬಂದಾಗ ನಾವಿಬ್ಬರೂ ಏನು ನೋಡಬೇಕು?

ಉತ್ತರ: ನಿಮ್ಮ ಮೂರು ಪ್ರಸಂಗಗಳಲ್ಲೂ ಒಂದೇ ಗಂಟು ಬಿದ್ದಿದೆ. ದಾರಿಯ ಹಕ್ಕು ನಿಮ್ಮ ಕೈಯಲ್ಲಿರುವ ವಸ್ತು, ಅದನ್ನು ತೋರಿಸಿದರೆ ಎದುರಿನವರು ಸರಿಯಬೇಕು ಎಂದುಕೊಂಡಿದ್ದೀರಿ. ನಿಯಮಪುಸ್ತಕದ ರೀತಿ ಬೇರೆ. ಅಲ್ಲಿ ಯಾವ ದೋಣಿಗೂ "ನಿನಗೆ ಹಕ್ಕಿದೆ" ಎಂದು ಬರೆದುಕೊಟ್ಟಿಲ್ಲ. ಯಾವ ದೋಣಿ ಇನ್ನೊಂದಕ್ಕೆ ದಾರಿ ಬಿಡಬೇಕು ಎಂದಷ್ಟೇ ಬರೆದಿದೆ. ಆ ಕರ್ತವ್ಯ ಒಬ್ಬರ ಮೇಲೆ ಬಿದ್ದಾಗ ಮತ್ತೊಬ್ಬರಿಗೆ ಹಕ್ಕು ಹುಟ್ಟುತ್ತದೆ, ಜೊತೆಗೇ ಆ ಹಕ್ಕಿಗೆ ಕಡಿವಾಣವೂ ಹುಟ್ಟುತ್ತದೆ. ನೀವು ಕಲಿತ ಮೂರು ಮಾತುಗಳಲ್ಲಿ ಮೊದಲೆರಡು ಅರ್ಧ ನಿಜ, ಮೂರನೆಯದರಲ್ಲಿ ಏನೂ ಹುರುಳಿಲ್ಲ.

ಮೊದಲು ಮಾತಿನ ಅರ್ಥ ಗಟ್ಟಿ ಮಾಡಿಕೊಳ್ಳೋಣ. ಗಾಳಿ ಬಲಮಗ್ಗುಲಿನಿಂದ ಬಂದು ಬೂಮ್ (ಹಾಯಿಯ ಅಡಿಯಂಚಿನ ಅಡ್ಡಕೋಲು) ಎಡಕ್ಕಿದ್ದರೆ ಸ್ಟಾರ್‌ಬೋರ್ಡ್ ಟ್ಯಾಕ್, ಅದರ ತಿರುವುಮುರುವು ಪೋರ್ಟ್ ಟ್ಯಾಕ್. ಒಂದೇ ಟ್ಯಾಕ್‌ನಲ್ಲಿ ಅಕ್ಕಪಕ್ಕ ಹೋಗುವ ಎರಡು ದೋಣಿಗಳಲ್ಲಿ ಗಾಳಿ ಬರುವ ಕಡೆಗಿರುವುದು ಗಾಳಿಬದಿಯ ದೋಣಿ, ಅದರ ಮರೆಗಿರುವುದು ಮರೆಬದಿಯ ದೋಣಿ. ಮೇಲೆ, ಏರುವುದು ಎಂದರೆ ಗಾಳಿ ಬರುವ ಕಡೆಗೆ; ಕೆಳಗೆ, ಬಾಗುವುದು ಎಂದರೆ ಗಾಳಿಯಿಂದ ದೂರಕ್ಕೆ. ಮುಂದಿನ ದೋಣಿಯ ಹಿಂತುದಿಗೆ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ನೀವು ಪೂರ್ತಿ ಆ ಗೆರೆಯ ಹಿಂದಿದ್ದರೆ ಓವರ್‌ಲ್ಯಾಪ್ ಇಲ್ಲ, ನಿಮ್ಮ ಮೂತಿ ಗೆರೆ ದಾಟಿತೋ ಓವರ್‌ಲ್ಯಾಪ್ ಆಯಿತು. ಚುಕ್ಕಾಣಿ, ಬೌಸ್ಪ್ರಿಟ್‌ನಂಥ (ಮೂತಿಯಿಂದ ಮುಂಚಾಚಿದ ಕೋಲು) ಭಾಗಗಳು ತಮ್ಮ ಮಾಮೂಲಿ ಜಾಗದಲ್ಲಿದ್ದರೆ ಅವೂ ಲೆಕ್ಕಕ್ಕೆ ಸೇರುತ್ತವೆ.

ವರ್ಲ್ಡ್ ಸೇಲಿಂಗ್ ಸಂಸ್ಥೆ ಈ ನಿಯಮಗಳನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಈಗ ನಡೆಯುತ್ತಿರುವುದು 2025ರಿಂದ 2028ರವರೆಗಿನ ಆವೃತ್ತಿ. ಎದುರು ಟ್ಯಾಕ್, ಒಂದೇ ಟ್ಯಾಕ್, ಟ್ಯಾಕ್ ಬದಲಿಸುವಾಗ ಎಂದು ಸಂದರ್ಭವನ್ನು ಮೊದಲು ವಿಂಗಡಿಸಿ, ಆಮೇಲೆ ತೀರ್ಪು ಹೇಳುವ ಪದ್ಧತಿಗೆ ಅಡಿಪಾಯ ಹಾಕಿದವರು ಹೆರಾಲ್ಡ್ ವಾಂಡರ್‌ಬಿಲ್ಟ್. 1930, 1934, 1937ರಲ್ಲಿ ಅಮೆರಿಕಾಸ್ ಕಪ್ ಉಳಿಸಿಕೊಂಡ ಅದೇ ವಾಂಡರ್‌ಬಿಲ್ಟ್ ಕಾಂಟ್ರ್ಯಾಕ್ಟ್ ಬ್ರಿಜ್ ಇಸ್ಪೀಟಾಟದ ಅಂಕಪದ್ಧತಿಯನ್ನೂ ರೂಪಿಸಿದವರು. ನೀರಿನ ಮೇಲೆ ಯೋಚಿಸಬೇಕಾದ ಕ್ರಮವೂ ಅದೇ: ಮೊದಲು ಸಂದರ್ಭ ಯಾವುದು ಎಂದು ಗುರುತಿಸಿ, ಆಮೇಲೆ ಕಡಿವಾಣ ನೋಡಿ, ಕೊನೆಗೆ ಮಾರ್ಕ್‌ನ ಪ್ರಶ್ನೆಗೆ ಬನ್ನಿ. ಮಾರ್ಕ್‌ನಿಂದ ಶುರು ಮಾಡಿದವರು ಹೆಚ್ಚಾಗಿ ಎಡವುತ್ತಾರೆ.

ಮೂಲ ನಿಯಮಗಳು ನಾಲ್ಕೇ ನಾಲ್ಕು. ಎದುರು ಟ್ಯಾಕ್‌ಗಳಲ್ಲಿದ್ದರೆ ಪೋರ್ಟ್‌ನವರು ಸ್ಟಾರ್‌ಬೋರ್ಡ್‌ನವರಿಗೆ ದಾರಿ ಬಿಡಬೇಕು, ಇದು ನಿಯಮ 10. ಒಂದೇ ಟ್ಯಾಕ್‌ನಲ್ಲಿ ಓವರ್‌ಲ್ಯಾಪ್ ಇದ್ದರೆ ಗಾಳಿಬದಿಯವರು ಮರೆಬದಿಯವರಿಗೆ ಬಿಡಬೇಕು, ನಿಯಮ 11. ಒಂದೇ ಟ್ಯಾಕ್‌ನಲ್ಲಿ ಓವರ್‌ಲ್ಯಾಪ್ ಇಲ್ಲದಿದ್ದರೆ ಹಿಂದಿನವರು ಮುಂದಿನವರಿಗೆ ಬಿಡಬೇಕು, ನಿಯಮ 12. ಟ್ಯಾಕ್ ಮಾಡುತ್ತ ಮೂತಿ ಗಾಳಿಯ ನೇರವನ್ನು ದಾಟಿದ ಕ್ಷಣದಿಂದ, ಹೊಸ ಟ್ಯಾಕ್‌ನ ಕ್ಲೋಸ್ ಹಾಲ್ಡ್ ದಿಕ್ಕಿಗೆ (ಗಾಳಿಗೆದುರು ಎಷ್ಟು ಹತ್ತಿರ ಸಾಗಬಹುದೋ ಆ ದಿಕ್ಕಿಗೆ) ಬರುವವರೆಗೆ ಎಲ್ಲರಿಗೂ ದಾರಿ ಬಿಡಬೇಕು, ನಿಯಮ 13. ಹಾಯಿ ತುಂಬಿಕೊಳ್ಳುವವರೆಗೆ ಟ್ಯಾಕ್ ಮುಗಿದಿಲ್ಲ ಎಂದು ಹಲವರು ವಾದಿಸುತ್ತಾರೆ. ಹಾಯಿ ಪಟಪಟ ಹೊಡೆಯುತ್ತಿದ್ದರೂ ಚಿಂತೆಯಿಲ್ಲ, ದೋಣಿ ಆ ದಿಕ್ಕಿಗೆ ತಿರುಗಿದ್ದರೆ ಸಾಕು.

ಕೂಗುವ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. "ಸ್ಟಾರ್‌ಬೋರ್ಡ್" ಎಂದು ಕೂಗಬೇಕೆಂದು ನಿಯಮ ಎಲ್ಲೂ ಹೇಳಿಲ್ಲ. ಕೂಗದಿದ್ದರೆ ಹಕ್ಕು ಹೋಗುವುದಿಲ್ಲ, ಕೂಗಿದರೆ ಹೆಚ್ಚುವುದೂ ಇಲ್ಲ. ಎದುರಿನವರು ನಿಮ್ಮನ್ನು ನೋಡಿದ್ದಾರೋ ಇಲ್ಲವೋ ಎಂಬ ಅನುಮಾನವಿದ್ದಾಗ ಕೂಗುವುದು ಒಳ್ಳೆಯ ಅಭ್ಯಾಸ, ಅಷ್ಟೇ. ಜಾಗ ಬೇಕಿದ್ದರೆ ಕೂಗಲೇಬೇಕಾದ ಸಂದರ್ಭ ಒಂದುಂಟು: ಕ್ಲೋಸ್ ಹಾಲ್ಡ್ ಆಗಿ ಅಥವಾ ಅದಕ್ಕಿಂತ ಮೇಲೆ ಹೋಗುತ್ತ ದಡ, ಬಂಡೆ ಅಥವಾ ದೊಡ್ಡ ಹಡಗು ಎದುರಾಗಿ, ಅಪಾಯ ತಪ್ಪಿಸಲು ಸಾಕಷ್ಟು ದಿಕ್ಕು ಬದಲಿಸಲೇಬೇಕಾಗಿ ಬಂದು, ಪಕ್ಕದ ದೋಣಿಯಿಂದಾಗಿ ಟ್ಯಾಕ್ ಮಾಡಲಾಗದೆ ಇದ್ದಾಗ. ಆಗ ಜಾಗ ಕೇಳಿ ಕೂಗಿ, ಅವರಿಗೆ ಸ್ಪಂದಿಸಲು ಸಮಯ ಕೊಡಬೇಕು. ಅವರು ಕೂಡಲೇ ಟ್ಯಾಕ್ ಮಾಡಬೇಕು, ಇಲ್ಲವೇ "ನೀವು ಟ್ಯಾಕ್ ಮಾಡಿ" ಎಂದು ತಕ್ಷಣ ಉತ್ತರಿಸಿ ಜಾಗ ಕೊಡಬೇಕು.

ಡಿಕ್ಕಿಯ ಪ್ರಸಂಗ

ನಿಮ್ಮನ್ನು ಹೆಚ್ಚು ಕಾಡಿದ್ದು ಇದೇ ಅನಿಸುತ್ತದೆ. ಪೋರ್ಟ್ ದೋಣಿ ನಿಯಮ 10 ಮುರಿದದ್ದರಲ್ಲಿ ಎರಡು ಮಾತಿಲ್ಲ. ಆದರೆ ನಿಯಮ 14 ಹಕ್ಕಿದ್ದವರಿಗೂ ಇಲ್ಲದವರಿಗೂ ಸಮಾನವಾಗಿ ಅನ್ವಯಿಸುತ್ತದೆ: ಸಾಧ್ಯವಿದ್ದಲ್ಲಿ ತಾಗುವುದನ್ನು ತಪ್ಪಿಸಲೇಬೇಕು. ಹಕ್ಕಿದ್ದವರಿಗೆ ಕೊಟ್ಟಿರುವ ರಿಯಾಯಿತಿ ಇಷ್ಟೇ, ಎದುರಿನವರು ದಾರಿ ಬಿಡುತ್ತಿಲ್ಲ ಎಂಬುದು ಸ್ಪಷ್ಟವಾಗುವವರೆಗೆ ನೀವು ಏನೂ ಮಾಡಬೇಕಿಲ್ಲ. ಸ್ಪಷ್ಟವಾದ ಆ ಕ್ಷಣದಿಂದ ಕೈಯಲ್ಲಾದದ್ದನ್ನು ಮಾಡಬೇಕು. ತಾಗಿದರೂ ಹಾನಿ, ಗಾಯ ಏನೂ ಆಗದಿದ್ದರೆ ಹಕ್ಕಿದ್ದ ದೋಣಿಗೆ ಶಿಕ್ಷೆಯಿಲ್ಲ. ಹಾನಿಯಾದರೆ ಆ ರಕ್ಷಣೆ ಕಳಚಿಬೀಳುತ್ತದೆ. ಅಂಗೈಯಗಲ ಒಡೆದ ಫೈಬರ್ ಹಾನಿಯೇ. ನೀವು ಮೂರು ಸಲ ಕೂಗಿದಿರಿ ಎಂಬುದೇ ವಿಚಾರಣೆಯಲ್ಲಿ ನಿಮಗೆ ತಿರುಗುಬಾಣವಾಗಿರುತ್ತದೆ. ಮೂರನೇ ಸಲ ಕೂಗುವಷ್ಟರಲ್ಲಿ ಅವರು ದಾರಿ ಬಿಡುತ್ತಿಲ್ಲ ಎಂಬುದು ನಿಮಗೆ ಗೊತ್ತಿತ್ತು ಎಂದೇ ಅದರ ಅರ್ಥ.

ಸಮಯದ ಲೆಕ್ಕ ಹಾಕಿ ನೋಡಿ. ಎರಡೂ ದೋಣಿ 4 ನಾಟ್ ವೇಗದಲ್ಲಿದ್ದರೆ ಒಂದೊಂದೂ ಸೆಕೆಂಡಿಗೆ ಸುಮಾರು 2 ಮೀಟರ್ ಸಾಗುತ್ತದೆ. ದಿಕ್ಕುಗಳ ನಡುವೆ 90 ಡಿಗ್ರಿ ಇದ್ದರೆ ಅವು ಒಂದನ್ನೊಂದು ಸಮೀಪಿಸುವ ವೇಗ ಸೆಕೆಂಡಿಗೆ 3 ಮೀಟರ್ ಹತ್ತಿರ. ಅಂದರೆ 30 ಮೀಟರ್ ಅಂತರದಲ್ಲಿ ಕಂಡ ದೋಣಿಗೆ ಡಿಕ್ಕಿಯಾಗಲು 10 ಸೆಕೆಂಡ್ ಸಾಕು. ನಿಮ್ಮ ಮೂತಿ ಅವರ ಹಿಂಬದಿಗೆ ಬಡಿದಿದೆ ಎಂದ ಮೇಲೆ ಅವರು ಬಹುಪಾಲು ದಾಟಿಯೇ ಇದ್ದರು. ಚುಕ್ಕಾಣಿಯ ಹಿಡಿಕೆಯಾದ ಟಿಲ್ಲರನ್ನು ನಿಮ್ಮ ಕಡೆಗೆ ಸ್ವಲ್ಪ ಎಳೆದು, ದೊಡ್ಡ ಹಾಯಿಯ ಹಗ್ಗವಾದ ಮೇನ್‌ಶೀಟ್ ಸಡಿಲಿಸಿದ್ದರೆ ಅವರ ಬೆನ್ನ ಹಿಂದೆ ಹಾದುಹೋಗುತ್ತಿದ್ದಿರಿ. ಆಮೇಲೆ "ಪ್ರೊಟೆಸ್ಟ್" (ದೂರು) ಎಂದು ಕೂಗಿದ್ದರೆ ಪ್ರಕರಣ ನಿಮ್ಮದೇ ಆಗುತ್ತಿತ್ತು. ಗೆಲ್ಲಲು ಡಿಕ್ಕಿಯ ಸಾಕ್ಷ್ಯ ಬೇಕು ಎಂಬ ನಂಬಿಕೆ ದೋಣಿಗಳನ್ನೂ ಬೆರಳುಗಳನ್ನೂ ಮುರಿಯುತ್ತದೆ. ನಿಯಮದ ಅಧಿಕೃತ ವ್ಯಾಖ್ಯಾನ ಅದಕ್ಕೆ ನೇರ ವಿರುದ್ಧವಾಗಿದೆ: ಸ್ಟಾರ್‌ಬೋರ್ಡ್ ದೋಣಿ ದಿಕ್ಕು ಬದಲಿಸಿತ್ತು, ಬದಲಿಸದಿದ್ದರೆ ಪೋರ್ಟ್ ದೋಣಿ ದಾಟುತ್ತಿತ್ತೇ ಎಂಬುದಕ್ಕೆ ಸಕಾರಣವಾದ ಅನುಮಾನವಿದೆ ಎಂದಾದರೆ ತಪ್ಪು ಪೋರ್ಟ್‌ನದೇ. ಡಿಕ್ಕಿಯ ಭಯ ನಿಜವಾಗಿ ಇರಲೇ ಇಲ್ಲ, ಸ್ಟಾರ್‌ಬೋರ್ಡ್ ದೋಣಿ ತಿರುಗಲೂ ಇಲ್ಲ ಎಂದಾದರೆ ಮಾತ್ರ ದೂರು ಬಿದ್ದುಹೋಗುತ್ತದೆ.

ಹಕ್ಕಿದ್ದವರಿಗೆ ಇನ್ನೂ ಎರಡು ಕಡಿವಾಣಗಳಿವೆ. ನಿಮ್ಮದೇ ಕ್ರಿಯೆಯಿಂದ ಹೊಸದಾಗಿ ಹಕ್ಕು ಸಿಕ್ಕಿದರೆ, ಎದುರಿನವರು ಸರಿಯಲು ಬೇಕಾದ ಜಾಗವನ್ನು ಆರಂಭದಲ್ಲಿ ಕೊಡಬೇಕು, ನಿಯಮ 15. ಹಕ್ಕಿದ್ದು ನೀವು ದಿಕ್ಕು ಬದಲಿಸಿದರೂ ಅವರಿಗೆ ಸರಿಯಲು ಜಾಗ ಉಳಿಸಬೇಕು, ನಿಯಮ 16. ಗಾಳಿಗೆದುರು ಏರುವಾಗ ಪೋರ್ಟ್ ದೋಣಿ ನಿಮ್ಮ ಹಿಂದಿನಿಂದ ಹಾದುಹೋಗಲು ಆಗಲೇ ಬಾಗಿದ್ದರೆ, ನೀವೂ ಅದೇ ಕಡೆ ಬಾಗಿ ಅದು ತಕ್ಷಣ ದಿಕ್ಕು ಬದಲಿಸಬೇಕಾಗುವಂತೆ ಬೆನ್ನಟ್ಟುವುದನ್ನೂ ಈ ನಿಯಮ ತಡೆಯುತ್ತದೆ.

ನೀವು ಪೋರ್ಟ್‌ನಲ್ಲಿದ್ದಾಗಿನ ಮಾತೂ ಸ್ವಲ್ಪ ಇರಲಿ, ಏಕೆಂದರೆ ಬಹಳಷ್ಟು ಡಿಕ್ಕಿಗಳ ಮೂಲ ನಿಯಮದ ಅಜ್ಞಾನವಲ್ಲ, ಹಗ್ಗ ಬಿಡುವುದು ತಡವಾದದ್ದು. ದಾಟಬಹುದೇ ಎಂದು ತಿಳಿಯಲು ಆ ದೋಣಿಯ ಹಿಂದೆ ಕಾಣುವ ದೂರದ ದಡವನ್ನು ನೋಡಿ. ಅದರ ಮೂತಿ ದಡದ ಮರಗಳನ್ನು ಒಂದೊಂದಾಗಿ ಮುಚ್ಚುತ್ತ ಮುಂದೆ ಸರಿಯುತ್ತಿದ್ದರೆ ಅವರು ನಿಮ್ಮ ಮುಂದೆ ಹಾಯುತ್ತಾರೆ. ಮುಚ್ಚಿದ್ದ ಮರಗಳು ಮೂತಿಯ ಮುಂದೆ ಹೊರಬರುತ್ತಿದ್ದರೆ ನೀವು ಮುಂದೆ ಹಾಯುತ್ತೀರಿ. ಏನೂ ಬದಲಾಗದಿದ್ದರೆ ಡಿಕ್ಕಿ ಖಂಡಿತ. ಹಿಂದಿನಿಂದ ಹಾಯಬೇಕೆಂದು ತೀರ್ಮಾನಿಸಿದಿರೋ, ಮೊದಲು ಮೇನ್‌ಶೀಟ್ ಬಿಡಿ, ಆಮೇಲೆ ಟಿಲ್ಲರ್ ಎಳೆಯಿರಿ. ಶೀಟ್ ಬಿಗಿಯಾಗಿಯೇ ಇದ್ದರೆ ದೋಣಿ ವಾಲುತ್ತದೆ, ವಾಲಿದ ದೋಣಿ ಚುಕ್ಕಾಣಿಯ ಮಾತು ಕೇಳದೆ ಗಾಳಿಯತ್ತ ಏರುತ್ತದೆ, ನೇರ ಎದುರಿನ ದೋಣಿಯ ಪಕ್ಕೆಗೆ ಹೋಗಿ ಬೀಳುತ್ತದೆ. ಗಾಳಿ ಜೋರಿದ್ದರೆ ಬೂಮ್ ಎಳೆದು ಹಿಡಿದಿರುವ ವ್ಯಾಂಗನ್ನೂ ಸಡಿಲಿಸಬೇಕು, ಇಲ್ಲವಾದರೆ ಬೂಮ್‌ನ ತುದಿ ನೀರಿಗೆ ತಾಗಿ ಹಾಯಿ ಹೊರಕ್ಕೆ ಹೋಗುವುದೇ ಇಲ್ಲ. ಮೂರು ನಾಲ್ಕು ದೋಣಿಯುದ್ದ ಇರುವಾಗಲೇ ಬಾಗಲು ಶುರುಮಾಡಿದರೆ ಅವರ ಹಿಂಬದಿಯನ್ನು ದಾಟುವ ಹೊತ್ತಿಗೆ ಮತ್ತೆ ಕ್ಲೋಸ್ ಹಾಲ್ಡ್‌ಗೆ ಬಂದಿರುತ್ತೀರಿ, ಬಾಗಿದಾಗ ಕೂಡಿದ ವೇಗವೂ ಉಳಿದಿರುತ್ತದೆ.

ಸ್ಟಾರ್ಟ್‌ನಲ್ಲಿ ಕಮಿಟಿ ಬೋಟಿನ ಪಕ್ಕ

ಇಲ್ಲಿ ನೀವು ಕೇಳಿದ ಜಾಗಕ್ಕೆ ನಿಯಮದಲ್ಲಿ ಆಧಾರವೇ ಇರಲಿಲ್ಲ. ಸುತ್ತ ದೋಣಿ ಓಡಿಸಲು ಸಾಕಷ್ಟು ನೀರಿರುವ ಸ್ಟಾರ್ಟ್ ಗುರುತುಗಳಲ್ಲಿ, ಸ್ಟಾರ್ಟ್ ಮಾಡಲು ಹತ್ತಿರ ಬರುವ ಹೊತ್ತಿನಿಂದ ಅದನ್ನು ದಾಟುವವರೆಗೆ, ಮಾರ್ಕ್‌ನಲ್ಲಿ ಜಾಗ ಕೊಡುವ ನಿಯಮಗಳು ಪೂರ್ತಿ ಪಕ್ಕಕ್ಕೆ ಸರಿಯುತ್ತವೆ. ಉಳಿಯುವುದು ನಿಯಮ 11: ನೀವು ಗಾಳಿಬದಿಯವರು, ದಾರಿ ಬಿಡಬೇಕಾದವರು. ಮರೆಬದಿಯವರು ನಿಮ್ಮನ್ನು ಕಮಿಟಿ ಬೋಟಿನ ತಪ್ಪು ಪಕ್ಕಕ್ಕೆ ಮೆಲ್ಲಗೆ ಒತ್ತಿಕೊಂಡು ಹೋದರೂ ತಪ್ಪಿಲ್ಲ. ಸ್ಟಾರ್ಟ್ ಸಂಕೇತಕ್ಕೆ ಮೊದಲು ಯಾರಿಗೂ "ಸರಿಯಾದ ದಿಕ್ಕು" (ಪಕ್ಕದ ದೋಣಿ ಇಲ್ಲದಿದ್ದರೆ ಬೇಗ ಮುಗಿಸಲು ಹಿಡಿಯುವ ದಿಕ್ಕು) ಎಂಬುದೇ ಇರುವುದಿಲ್ಲವಾದ್ದರಿಂದ ಅವರು ಗಾಳಿಯ ನೇರಕ್ಕೇ ಏರಿದರೂ ಸರಿ, ನೀವು ಸರಿಯಲು ಅವಕಾಶ ಕೊಟ್ಟು ಏರಬೇಕು ಅಷ್ಟೇ. ಹಿಂದಿನಿಂದ ಬಂದು ನಿಮ್ಮ ಮರೆಬದಿಯಲ್ಲಿ ಎರಡು ದೋಣಿಯುದ್ದದೊಳಗೆ ಓವರ್‌ಲ್ಯಾಪ್ ಮಾಡಿಕೊಂಡವರಾಗಿದ್ದರೆ ನಿಯಮ 17ರ ಕಟ್ಟು ಬೀಳುತ್ತದೆ. ಆಗ ಸಂಕೇತ ಆದ ಮೇಲೆ ಅವರು ತಮ್ಮ ಸರಿಯಾದ ದಿಕ್ಕಿಗಿಂತ ಮೇಲೆ ಏರುವಂತಿಲ್ಲ. ಆ ಕಟ್ಟಿಲ್ಲದವರಿಗೆ ಸಂಕೇತವಾದ ಮೇಲೂ ಏರುವ ಸ್ವಾತಂತ್ರ್ಯವಿದೆ.

ಒಂದು ಸಣ್ಣ ಸಮಾಧಾನ: ಲಂಗರಿನ ಹಗ್ಗ ಗುರುತಿನ ಭಾಗವಲ್ಲ. ಅದಕ್ಕೆ ತಾಗಿದ್ದಕ್ಕೆ ಶಿಕ್ಷೆಯಿಲ್ಲ. ಬೋಟಿಗೇ ತಾಗಿದ್ದರೆ ದಂಡವಾಗಿ ಒಂದು ಸುತ್ತು ಹಾಕಬೇಕಿತ್ತು. ಮುಂದಿನ ಸಲ ಆ ತುದಿಯೇ ಬೇಕೆಂದರೆ ಕೊನೆಯ ನಿಮಿಷದಲ್ಲಿ ಗೆರೆಯ ಕೆಳಗೆ, ಬೋಟಿನಿಂದ ಕ್ಲೋಸ್ ಹಾಲ್ಡ್ ದಿಕ್ಕಿನಲ್ಲಿ ಹಿಂದಕ್ಕೆ ಎಳೆದ ಗೆರೆಗಿಂತ ಒಳಗೆ ನಿಂತಿರಿ. ಆ ಗೆರೆಯ ಮೇಲ್ಗಡೆಯಿಂದ ಇಳಿದು ಬರುವ ಪ್ರತಿಯೊಬ್ಬರೂ ಬೇರೆಯವರ ದಯೆಯ ಮೇಲೆ ಬರುತ್ತಾರೆ.

ಮೇಲಿನ ಮಾರ್ಕ್: ನಿಜವಾದ ಪಾಠ ಇಲ್ಲಿದೆ

ಮಾರ್ಕ್‌ನ ಸುತ್ತ ಮೂರು ದೋಣಿಯುದ್ದದ ವೃತ್ತಕ್ಕೆ ಝೋನ್ ಎನ್ನುತ್ತಾರೆ. ನಿಮ್ಮ ದೋಣಿಗೆ ಅದು 12.6 ಮೀಟರ್, 4 ನಾಟ್ ವೇಗದಲ್ಲಿ ಆರು ಸೆಕೆಂಡಿನ ದಾರಿ. ದೋಣಿಯ ಒಡಲಿನ ಯಾವುದೇ ಭಾಗ ಒಳಗೆ ಬಂದರೂ ಝೋನ್ ಹೊಕ್ಕಂತೆ. ಇಬ್ಬರಲ್ಲಿ ಮೊದಲನೆಯವರು ಝೋನ್ ಮುಟ್ಟಿದಾಗ ಓವರ್‌ಲ್ಯಾಪ್ ಇದ್ದರೆ ಹೊರಗಿನವರು ಒಳಗಿನವರಿಗೆ ಮಾರ್ಕ್ ಸುತ್ತುವ ಜಾಗ ಕೊಡಬೇಕು. ನೀವು ಕೇಳಿಬಂದ "ಒಳಗಿನ ದೋಣಿಗೆ ಜಾಗ" ಎಂಬ ಮಾತಿನ ಮೂಲ ಇದೇ ನಿಯಮ 18. ಆದರೆ ಗಾಳಿಗೆದುರು ಏರುತ್ತಿರುವಾಗ ಎದುರು ಟ್ಯಾಕ್‌ಗಳಲ್ಲಿರುವ ದೋಣಿಗಳ ನಡುವೆ ಈ ನಿಯಮ ಅನ್ವಯಿಸುವುದೇ ಇಲ್ಲ. ಪೋರ್ಟ್‌ನಲ್ಲಿ ಮಾರ್ಕ್‌ನತ್ತ ಬರುವಾಗ ನೀವು ಒಳಗಿನವರೂ ಅಲ್ಲ, ಹೊರಗಿನವರೂ ಅಲ್ಲ. ನೀವು ಬರೀ ಪೋರ್ಟ್ ದೋಣಿ.

ಈಗ ಝೋನ್‌ನೊಳಗೆ, ಎರಡು ದೋಣಿಯುದ್ದದಲ್ಲಿ, ಟ್ಯಾಕ್ ಮಾಡಿದಿರಿ. ಟ್ಯಾಕ್ ಮುಗಿದ ಮೇಲೆ ನೀವು ಮರೆಬದಿಯವರು, ಮಾರ್ಕ್‌ಗೆ ಹತ್ತಿರದವರು. ಹಕ್ಕು ಕೈಗೆ ಬಂತು ಅನಿಸುವುದು ಸಹಜ. ಇಲ್ಲೇ ನಿಯಮ 18.3 ಬಂದು ನಿಲ್ಲುತ್ತದೆ. ಮಾರ್ಕನ್ನು ಎಡಕ್ಕೆ ಬಿಟ್ಟು ಸುತ್ತುವಲ್ಲಿ, ಝೋನ್‌ನೊಳಗೆ ಪೋರ್ಟ್‌ನಿಂದ ಸ್ಟಾರ್‌ಬೋರ್ಡ್‌ಗೆ ತಿರುಗಿದ ದೋಣಿಗೆ ಮತ್ತೆ ಟ್ಯಾಕ್ ಮಾಡದೆ ಮಾರ್ಕ್ ದಾಟುವ ಸ್ಥಿತಿಯಿದ್ದರೆ, ಝೋನ್ ಹೊಕ್ಕಾಗಿನಿಂದ ಸ್ಟಾರ್‌ಬೋರ್ಡ್‌ನಲ್ಲೇ ಇದ್ದವರು ತಾಗುವುದನ್ನು ತಪ್ಪಿಸಲು ಕ್ಲೋಸ್ ಹಾಲ್ಡ್‌ಗಿಂತ ಮೇಲೆ ಏರಬೇಕಾಗುವಂತೆ ಅದು ಮಾಡಬಾರದು. ಆ ದೋಣಿ ನಿಮ್ಮ ಒಳಗಡೆ ಓವರ್‌ಲ್ಯಾಪ್ ಪಡೆದರೆ ಅದಕ್ಕೆ ಜಾಗವನ್ನೂ ಕೊಡಬೇಕು. ಪಕ್ಕದವರು ತಪ್ಪಿಸಿಕೊಳ್ಳಲು ಗಾಳಿಯತ್ತ ಏರಬೇಕಾಗಿ ಬಂದಿತ್ತೇ ಎಂದು ನೀವು ಬರೆದಿಲ್ಲ, ತೀರ್ಪು ನೋಡಿದರೆ ಹಾಗೇ ಆಗಿರಬೇಕು. ಎರಡು ದೋಣಿಯುದ್ದದಲ್ಲಿ ಟ್ಯಾಕ್ ಮಾಡಿದವರಿಗೆ ವೇಗ ಸತ್ತಿರುತ್ತದೆ, ಮಾರ್ಕ್ ಒಂದಿಷ್ಟು ಮೇಲೇ ಉಳಿದಿರುತ್ತದೆ, ಮೂತಿಯನ್ನು ಗಾಳಿಯತ್ತ ಏರಿಸಿ ಹೇಗೋ ದಾಟಿಸುತ್ತಾರೆ. ಪಕ್ಕದವರು ಜೊತೆಗೇ ಏರದೆ ವಿಧಿಯಿಲ್ಲ. ಅವರು ಏರಿದ ಆ ಕ್ಷಣಕ್ಕೇ ನಿಮ್ಮ ತಪ್ಪು ಪೂರ್ತಿಯಾಯಿತು. ಅವರು ಮೊದಲೇ ಲೇಲೈನ್‌ಗಿಂತ (ಮತ್ತೆ ಟ್ಯಾಕ್ ಮಾಡದೆ ಕ್ಲೋಸ್ ಹಾಲ್ಡ್ ಆಗಿ ಮಾರ್ಕ್ ತಲುಪಬಹುದಾದ ಗೆರೆಗಿಂತ) ಮೇಲಿದ್ದು ಸಡಿಲ ಹಾಯಿಯಲ್ಲಿ ಇಳಿದು ಬರುತ್ತಿದ್ದರೆ, ಅವರನ್ನು ಕ್ಲೋಸ್ ಹಾಲ್ಡ್‌ವರೆಗೆ ಏರಿಸಲು ಅಡ್ಡಿಯಿಲ್ಲ. ಅದರ ಮೇಲೆ ಒಂದು ಡಿಗ್ರಿಯೂ ಕೂಡದು.

ಅದೇ ಟ್ಯಾಕ್ ಝೋನ್‌ನ ಹೊರಗೆ ಆಗಿದ್ದರೆ 18.3 ಬರುತ್ತಲೇ ಇರಲಿಲ್ಲ. ನಿಯಮ 13ರಂತೆ ಅಡ್ಡಿಯಿಲ್ಲದೆ ಟ್ಯಾಕ್ ಮುಗಿಸಿ, ನಿಯಮ 15ರಂತೆ ಅವರಿಗೆ ಸರಿಯಲು ಜಾಗ ಕೊಟ್ಟಿದ್ದರೆ, ಝೋನ್ ಹೊಗುವಾಗ ಇಬ್ಬರೂ ಸ್ಟಾರ್‌ಬೋರ್ಡ್‌ನಲ್ಲಿ, ನೀವು ಒಳಗೆ, ನೀವೇ ಮರೆಬದಿಯಲ್ಲಿ. ಹಕ್ಕೂ ಜಾಗವೂ ನಿಮ್ಮದೇ. ಐದಾರು ಮೀಟರ್ ವ್ಯತ್ಯಾಸದಲ್ಲಿ ತಪ್ಪು ಒಪ್ಪು ಅದಲುಬದಲಾಗುತ್ತದೆ.

ಹಾಗಾದರೆ ದಾರಿಗಳೇನು? ಎಲ್ಲಕ್ಕಿಂತ ಸುರಕ್ಷಿತವಾದದ್ದು ಎಂಟು ಹತ್ತು ದೋಣಿಯುದ್ದ ಮೊದಲೇ ಸ್ಟಾರ್‌ಬೋರ್ಡ್ ಲೇಲೈನ್ ಸೇರಿಕೊಳ್ಳುವುದು. ತೊಂದರೆ ಎಂದರೆ ಸಾಲಿನಲ್ಲಿ ಸಿಕ್ಕಿ ಮುಂದಿನವರ ಹಾಯಿಯಿಂದ ಕೆಟ್ಟ ಗಾಳಿ ತಿನ್ನಬೇಕು. ಅದಕ್ಕಾಗಿ ಲೇಲೈನ್‌ಗಿಂತ ಅರ್ಧದಿಂದ ಒಂದು ದೋಣಿಯುದ್ದ ಮೇಲೆ ಬನ್ನಿ, ನೀರಿನ ಹರಿವು ನಿಮ್ಮನ್ನು ಮಾರ್ಕ್‌ನ ಕೆಳಕ್ಕೆ ತಳ್ಳುತ್ತಿದ್ದರೆ ಇನ್ನೂ ಮೇಲೆ. ಎರಡನೆಯದು, ಪೋರ್ಟ್‌ನಲ್ಲೇ ಬಂದು ಸಾಲಿನ ನಡುವಿನ ಖಾಲಿ ಜಾಗದಲ್ಲಿ, ಮಾರ್ಕ್‌ನಿಂದ ಕನಿಷ್ಠ ಐದು ದೋಣಿಯುದ್ದ ಇರುವಾಗ ಟ್ಯಾಕ್ ಮುಗಿಸುವುದು. ಐದು ಏಕೆಂದರೆ ನೀರಿನ ಮೇಲೆ ಮೂರು ದೋಣಿಯುದ್ದವನ್ನು ಕಣ್ಣಳತೆಯಲ್ಲಿ ಸರಿಯಾಗಿ ಅಳೆಯುವವರು ಕಡಿಮೆ, ಟ್ಯಾಕ್ ಮಾಡುತ್ತಲೇ ಒಂದು ದೋಣಿಯುದ್ದ ಕಳೆದೂ ಹೋಗುತ್ತದೆ. ಖಾಲಿ ಜಾಗ ಸಿಗದಿದ್ದರೆ ಈ ಲೆಕ್ಕ ಕೆಡುತ್ತದೆ. ಆಗ ಮೂರನೆಯದು: ಸಾಲಿನ ದೋಣಿಯ ಹಿಂದಿನಿಂದ ಹಾದು, ಲೇಲೈನ್ ದಾಟಿ ಮೇಲಕ್ಕೆ ಹೋಗಿ ಟ್ಯಾಕ್ ಮಾಡುವುದು. ಒಂದೆರಡು ಸ್ಥಾನ ಹೋಗುತ್ತದೆ, ಎರಡು ಸುತ್ತಿನ ದಂಡಕ್ಕಿಂತ ಅದು ಅಗ್ಗ. ಝೋನ್‌ನೊಳಗಿನ ಟ್ಯಾಕ್ ಸ್ಟಾರ್‌ಬೋರ್ಡ್ ಸಾಲು ಖಾಲಿಯಿದ್ದಾಗ ಮಾತ್ರ. "ಸ್ವಲ್ಪ ಇಕ್ಕಟ್ಟು, ಆದರೂ ಆಗುತ್ತದೆ" ಅನಿಸಿದರೆ ಆಗುವುದಿಲ್ಲ ಎಂದೇ ತಿಳಿಯಿರಿ.

ಗಾಳಿಯ ಜೊತೆಗೆ ಇಳಿದು ಬಂದು ಸುತ್ತುವ ಕೆಳಗಿನ ಮಾರ್ಕ್‌ನಲ್ಲಿ ಪರಿಸ್ಥಿತಿ ಸರಳ, ಅಲ್ಲಿ "ಒಳಗಿನವರಿಗೆ ಜಾಗ" ಹೆಚ್ಚಾಗಿ ನಿಜ. ಮೊದಲನೆಯವರು ಝೋನ್ ಮುಟ್ಟಿದ ಕ್ಷಣದಲ್ಲಿ ಓವರ್‌ಲ್ಯಾಪ್ ಇತ್ತೇ ಎಂಬುದೇ ಲೆಕ್ಕ, ಆಮೇಲೆ ಅದು ಮುರಿದರೂ ಜಾಗ ಕೊಡಲೇಬೇಕು. ಅದು ಸಮಯಕ್ಕೆ ಸರಿಯಾಗಿ ಆಯಿತೇ, ಮುರಿಯಿತೇ ಎಂಬ ಬಗ್ಗೆ ಅನುಮಾನವಿದ್ದರೆ ಮುಂಚಿನ ಸ್ಥಿತಿಯೇ ಇತ್ತು ಎಂದು ಹಿಡಿಯುತ್ತಾರೆ. ಹಾಗಾಗಿ ಕೊನೇ ಗಳಿಗೆಯಲ್ಲಿ ಅಲೆಯ ಮೇಲೇರಿ ಒಳಕ್ಕೆ ತೂರುವ ಆಟಕ್ಕೆ ಬೆಲೆಯಿಲ್ಲ. ಇನ್ನೊಂದು ವಿಷಯ: ಒಳಗಿನವರು ಮೂಲ ನಿಯಮದಂತೆ ದಾರಿ ಬಿಡಬೇಕಾದವರಾಗಿದ್ದರೆ ಅವರಿಗೆ ಸಿಗುವುದು ಮಾರ್ಕ್‌ಗೆ ಹೋಗಿ ಜಾಣತನದಿಂದ ಸುತ್ತಲು ಬೇಕಾದಷ್ಟೇ ಜಾಗ. ಅಗಲವಾಗಿ ಒಳಹೊಕ್ಕು ಬಿಗಿಯಾಗಿ ಹೊರಬರುವ ಚೆಂದದ ತಿರುವಿಗೆ ಜಾಗ ಕೇಳುವಂತಿಲ್ಲ.

ತಪ್ಪಾದ ಮೇಲೆ

ತಪ್ಪು ನಿಮ್ಮದೆಂದು ಅನಿಸಿದರೆ ಕೂಡಲೇ ಉಳಿದವರಿಂದ ದೂರ ಸರಿದು, ತಡಮಾಡದೆ, ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿ. ಪ್ರತಿ ಸುತ್ತಿನಲ್ಲೂ ಒಂದು ಟ್ಯಾಕ್, ಒಂದು ಜೈಬ್ (ಹಿಂಬದಿಯನ್ನು ಗಾಳಿಯ ನೇರ ದಾಟಿಸಿ ತಿರುಗುವುದು) ಇರಬೇಕು. ಮಾರ್ಕ್ ಮುಟ್ಟಿದ್ದಕ್ಕೆ ಒಂದೇ ಸುತ್ತು. ಸುತ್ತುವಾಗ ನೀವೇ ಎಲ್ಲರಿಗೂ ದಾರಿ ಬಿಡಬೇಕು. "ಮೊದಲು ಮಾರ್ಕ್ ಸುತ್ತಿ, ಆಮೇಲೆ ಪುರುಸೊತ್ತಾಗಿ ದಂಡ ತೀರಿಸೋಣ" ಎಂದರೆ ಆ ಸುತ್ತುಗಳು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ತಪ್ಪಿನಿಂದ ಯಾರಿಗಾದರೂ ಗಾಯ ಅಥವಾ ಗಂಭೀರ ಹಾನಿ ಆಗಿದ್ದರೆ ಸುತ್ತು ಹಾಕಿದರೆ ಸಾಲದು, ಪಂದ್ಯದಿಂದ ಹಿಂದೆ ಸರಿಯಬೇಕು.

ತಪ್ಪು ಅವರದೆಂದರೆ ಮೊದಲ ಅವಕಾಶದಲ್ಲೇ "ಪ್ರೊಟೆಸ್ಟ್" ಎಂಬ ಪದವನ್ನೇ ಕೂಗಿ. "ನೀವು ಸುತ್ತು ಹಾಕಬೇಕು" ಎಂದು ಕೂಗಿದರೆ ಅದು ಪ್ರೊಟೆಸ್ಟ್ ಆಗುವುದಿಲ್ಲ. 6 ಮೀಟರಿಗಿಂತ ಚಿಕ್ಕ ದೋಣಿಗೆ ಕೆಂಪು ಬಾವುಟ ಬೇಕಿಲ್ಲ, ಹಾಗಾಗಿ ನಿಮಗೆ ಕೂಗು ಸಾಕು. ಪಂದ್ಯದ ಸೂಚನೆಗಳಲ್ಲಿ ಬೇರೆ ಅವಧಿ ಹೇಳಿರದಿದ್ದರೆ ಕೊನೆಯ ದೋಣಿ ಮುಗಿಸಿದ ಎರಡು ಗಂಟೆಯೊಳಗೆ ಬರೆದು ಕೊಡಬೇಕು. ದಡಕ್ಕೆ ಬಂದ ಕೂಡಲೇ ಇಬ್ಬರೂ ಬೇರೆ ಬೇರೆ ಕೂತು ಚಿತ್ರ ಬರೆಯಿರಿ. ಗಾಳಿಯ ಬಾಣ, ಮಾರ್ಕ್, ಎರಡೂ ದೋಣಿಗಳ ಮೂರು ನಾಲ್ಕು ಸ್ಥಾನಗಳು, ನಡುವಿನ ಅಂತರ ದೋಣಿಯುದ್ದದಲ್ಲಿ. ಎರಡು ಚಿತ್ರ ಹೊಂದದಿದ್ದರೆ ವಿಚಾರಣೆಗೆ ಹೋಗುವ ಮೊದಲೇ ಏಕೆಂದು ಯೋಚಿಸಿ.

ಇದೆಲ್ಲ ಪಂದ್ಯದಲ್ಲಿರುವ ದೋಣಿಗಳ ನಡುವೆ ಮಾತ್ರ. ಮೀನುದೋಣಿ, ಲಾಂಚ್, ವಿಹಾರಕ್ಕೆ ಬಂದ ಹಾಯಿದೋಣಿ ಎದುರಾದರೆ ಡಿಕ್ಕಿ ತಡೆಯುವ ಅಂತಾರಾಷ್ಟ್ರೀಯ ಸಾಗರ ನಿಯಮಗಳೇ ನಿಮಗೂ ಅನ್ವಯ. ಅಲ್ಲಿ ದಾರಿ ಪಡೆಯುವ ದೋಣಿ ತನ್ನ ದಿಕ್ಕು, ವೇಗ ಬದಲಿಸದೆ ಹೋಗಬೇಕು. ಪಂದ್ಯದಲ್ಲಿ ಮಾಡುವಂತೆ ಗಾಳಿಯತ್ತ ಏರಿಸಿ ಆಟವಾಡುವಂತಿಲ್ಲ. ಇಕ್ಕಟ್ಟಾದ ಕಾಲುವೆಯಲ್ಲಿ ಆಳವಾದ ನೀರು ಬಿಟ್ಟು ಬೇರೆ ದಾರಿಯಿಲ್ಲದ ಹಡಗಿಗೆ ಹಾಯಿದೋಣಿ ಅಡ್ಡಿಯಾಗಲೇಬಾರದು.

ಕೊನೆಗೆ ನೀವಿಬ್ಬರೂ ಏನು ನೋಡಬೇಕು ಎಂಬ ಪ್ರಶ್ನೆ. ಸ್ಟಾರ್‌ಬೋರ್ಡ್‌ನಲ್ಲಿರಲಿ, ಪೋರ್ಟ್‌ನಲ್ಲಿರಲಿ, ಗಾಳಿಬದಿಗೆ ಕೂತ ಚುಕ್ಕಾಣಿಗಾರನಿಗೆ ಮರೆಬದಿಯ ಮುಂಭಾಗ ಮುಂದಿನ ಹಾಯಿಯಾದ ಜಿಬ್‌ನ ಹಿಂದೆ ಮುಚ್ಚಿಹೋಗಿರುತ್ತದೆ. ನಿಮಗೆ ಕಾಣದೆ ಬರುವ ದೋಣಿ ಬರುವುದು ಅಲ್ಲಿಂದಲೇ. ಮುಂದೆ ಕೂತವರು ಪ್ರತಿ 10 ಸೆಕೆಂಡಿಗೊಮ್ಮೆ ಬಗ್ಗಿ ಜಿಬ್‌ನ ಅಡಿಯಿಂದ ನೋಡಿ, ಮೂರು ವಿಷಯ ಹೇಳಲಿ: ಎದುರಿನವರ ಟ್ಯಾಕ್ ಯಾವುದು, ಎಷ್ಟು ದೋಣಿಯುದ್ದ ದೂರ, ಅವರ ಹಿಂದಿನ ದಡ ಯಾವ ಕಡೆ ಸರಿಯುತ್ತಿದೆ. "ಪೋರ್ಟ್, ಆರು, ಅವರು ಮುಂದೆ" ಎಂದರೆ ಸಾಕು. ಮಾರ್ಕ್ ಹತ್ತಿರವಾದಾಗ ಇದೇ ಕೆಲಸಕ್ಕೆ ನಾಲ್ಕನೆಯದೊಂದು ಸೇರುತ್ತದೆ, ಹತ್ತು ದೋಣಿಯುದ್ದದಿಂದ ಐದರವರೆಗೆ ಗಟ್ಟಿಯಾಗಿ ಎಣಿಸುವುದು. ಐದು ಎಂದು ಕೇಳಿದಾಗ ನಿಮ್ಮ ಟ್ಯಾಕ್ ಇನ್ನೂ ಮುಗಿದಿರದಿದ್ದರೆ ಆ ಯೋಚನೆ ಬಿಟ್ಟು, ಶೀಟ್ ಸಡಿಲಿಸಿ, ಅವರ ಹಿಂದಿನಿಂದ ಹಾಯಿರಿ.